ಬಂದೂಕಿನ ಗೌರವ ಯಾರಿಗೆ?

ಪ್ರಶ್ನೆ: ಕರ್ತವ್ಯದಲ್ಲಿದ್ದಾಗ ಸತ್ತ ಸರ್ಕಾರಿ ನೌಕರರಿಗೆ ವಿಶೇಷ ಗೌರವ ಏಕೆ? ಸಂಬಳಕ್ಕೆ ತಾನೇ ದುಡಿದದ್ದು?

ಉತ್ತರ: ಸಂಬಳದ ಚೀಟಿಯಲ್ಲಿ ಪ್ರಾಣದ ಬಾಬ್ತು ಇರುವುದಿಲ್ಲವಲ್ಲ! ಗೌರವ ಬೇಕು ಎಂದೇ ನನ್ನ ಉತ್ತರ. ಪ್ರತಿವರ್ಷ ಅಕ್ಟೋಬರ್ 21ರಂದು ಪೊಲೀಸ್ ಮೈದಾನಗಳಲ್ಲಿ ಬಂದೂಕಿನ ಮೂತಿ ನೆಲಕ್ಕೆ ತಿರುಗುತ್ತದೆ, ಬ್ಯೂಗಲ್ ಮೊಳಗುತ್ತದೆ, ಮಡಿದವರ ಹೆಸರು ಓದುತ್ತಾರೆ. 1959ರ ಅದೇ ದಿನ ಲಡಾಖ್‌ನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾ ಸೈನಿಕರ ಗುಂಡಿಗೆ 10 ಪೊಲೀಸರು ಬಲಿಯಾಗಿದ್ದರು. ಕಾಡುಗಳ್ಳ ವೀರಪ್ಪನ್‌ನನ್ನು ಶರಣಾಗಿಸಲು ಹೋಗಿ 1991ರ ನವೆಂಬರ್‌ನಲ್ಲಿ ಹತರಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರಿಗೆ ಮರಣೋತ್ತರ ಕೀರ್ತಿ ಚಕ್ರ ಸಂದಿತು. ವೀರಪ್ಪನ್ ಹುಟ್ಟೂರಾದ ಗೋಪಿನಾಥಂನ ಜನ ಅವರನ್ನು ಇಂದಿಗೂ ನೆನೆಯುತ್ತಾರೆ. ನನಗೆ ಪದಕಕ್ಕಿಂತ ಅದೇ ದೊಡ್ಡದು.

ನನ್ನ ತಕರಾರು ಬೇರೆ. ಊರಿನ ಕೊಳಚೆ ತೆಗೆಯಲು ಮ್ಯಾನ್‌ಹೋಲ್‌ಗೆ ಇಳಿದು ಉಸಿರುಗಟ್ಟಿ ಸತ್ತವನಿಗೆ ಬ್ಯೂಗಲ್ ಇಲ್ಲ. ಎಷ್ಟೋ ಸಲ ಅವನು ಗುತ್ತಿಗೆಯವನು, ನೌಕರರ ಪಟ್ಟಿಯಲ್ಲೇ ಇರುವುದಿಲ್ಲ. ರಕ್ಷಣಾ ಸಲಕರಣೆಯಿಲ್ಲದೆ ಹಾಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. 2023ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಅದನ್ನು ಪಡೆಯಲು, ಗಂಡ ಅಲ್ಲಿ ಕೆಲಸಕ್ಕಿದ್ದ ಎಂಬುದನ್ನೇ ಹೆಂಡತಿ ಮೊದಲು ರುಜುವಾತು ಮಾಡಬೇಕಾಗಿ ಬರುವುದುಂಟು.