ಜನಪಥದ ಹೊಳೆಮತ್ತಿ

ದೆಹಲಿಗೆ ಬಂದು 11 ವರ್ಷವಾಯಿತು. ಜನಪಥದ ಸಾಲುಮರಗಳ ನೆರಳಲ್ಲೇ ದಿನವೂ ಕಚೇರಿಗೆ ನಡೆಯುತ್ತೇನೆ. ಅವುಗಳ ಹೆಸರನ್ನು ಮಾತ್ರ ಯಾರನ್ನೂ ಕೇಳಿದವನಲ್ಲ.

ಅಮ್ಮ ಹೋದ ಮೇಲೆ, ಕಳೆದ ಏಪ್ರಿಲ್‌ನಲ್ಲಿ ಅಪ್ಪನನ್ನು ಕರೆತಂದೆ. ಮುತ್ತತ್ತಿ ಕಡೆ ಕಾವೇರಿ ದಂಡೆಯಲ್ಲೇ ಬದುಕಿದವರು. ‘ಹೊಳೆ ಇಲ್ಲದ ಊರಲ್ಲಿ ಹೆಂಗೋ ಇರೋದು?’ ಎಂಬುದೇ ಅವರ ಚಿಂತೆ. ಒಂದು ಸಂಜೆ ಆ ಮರದಡಿ ಬಿದ್ದಿದ್ದ ಒಣಕಾಯಿ ಎತ್ತಿಕೊಂಡು, ‘ಇದು ನಮ್ಮ ಹೊಳೆಮತ್ತಿ ಕಣೋ’ ಎಂದರು.

ನಾನು ನಂಬಲಿಲ್ಲ. ಅಪ್ಪ ಒಂದೊಂದೇ ಗುರುತು ತೋರಿಸಿದರು: ಕಾಯಿಗೆ ಉದ್ದಕ್ಕೂ ಐದು ರೆಕ್ಕೆ, ಎಲೆಯ ಬುಡದಲ್ಲಿ ಎರಡು ಪುಟ್ಟ ಗಂಟು, ಹಕ್ಕಳೆಯಾಗಿ ಸುಲಿಯುವ ನುಣುಪಾದ ಬೂದು ತೊಗಟೆ. ಕಾಡಿನ ಕರಿಮತ್ತಿಯದಾದರೆ ಮೊಸಳೆ ಚರ್ಮದಂತೆ ಬಿರುಕು ಬಿಟ್ಟಿರುತ್ತದೆ. ಇಲ್ಲಿಯವರು ಇದನ್ನು ಅರ್ಜುನ್ ಎನ್ನುತ್ತಾರೆ. ಊರಲ್ಲಿ ಇದರ ಬೇರು ಹೊಳೆಯ ದಡವನ್ನೇ ಹಿಡಿದಿಡುತ್ತದೆ. ಇಲ್ಲಿ ಹೊಸದೆಹಲಿ ಕಟ್ಟಿದವರು ಇದನ್ನು ರಸ್ತೆಗೆ ನೆರಳಾಗಲೆಂದು ನೆಟ್ಟರು.

‘ಇದಕ್ಕೂ ಇಲ್ಲಿ ಹೊಳೆಯಿಲ್ಲ, ಆದರೂ ನಿಂತಿದೆಯಲ್ಲ’ ಎಂದೆ. ‘ಎಳೇದ್ರಲ್ಲೇ ತಂದು ನೆಟ್ಟಿದ್ದಾರೆ ಮಗಾ’ ಎಂದರು ಅಪ್ಪ.

ಮೇ ತಿಂಗಳಲ್ಲಿ ಅವರನ್ನು ಊರಿಗೆ ಬಿಟ್ಟುಬಂದೆ. ಈಗ ಫೋನಿನಲ್ಲಿ ನನ್ನ ಊಟಕ್ಕಿಂತ ಮೊದಲು ಕೇಳುವುದು, ‘ಮತ್ತಿ ಹೆಂಗಿದೆ?’