ನವೋದಯ ವಿದ್ಯಾಲಯದ ಒಂಬತ್ತನೇ ತರಗತಿ ವಲಸೆ: ಕರಜಗಿ ಹೋಬಳಿಯ ಪೋಷಕರ ಗಮನಕ್ಕೆ

ಅಫಜಲಪುರ ತಾಲ್ಲೂಕಿನ ಕರಜಗಿ ಹೋಬಳಿಯ ಗ್ರಾಮಗಳಿಂದ ಜವಾಹರ ನವೋದಯ ವಿದ್ಯಾಲಯದ ಆರನೇ ತರಗತಿ ಪ್ರವೇಶಕ್ಕೆ ಅರ್ಜಿ ಸಲ್ಲಿಸುವ ಪೋಷಕರಲ್ಲಿ ಅನೇಕರಿಗೆ, ಮೂರು ವರ್ಷಗಳ ನಂತರ ತಮ್ಮ ಮಗು ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ಉತ್ತರ ಭಾರತದ ವಿದ್ಯಾಲಯವೊಂದಕ್ಕೆ ಹೋಗಬೇಕಾಗಬಹುದು ಎಂಬ ವಿಷಯ ತಿಳಿದಿರುವುದಿಲ್ಲ. ಆದೇಶ ಕೈಸೇರಿದ ಮೇಲೆ ಗಾಬರಿಗೊಂಡು ಕಚೇರಿಗಳಿಗೆ ಅಲೆಯುವುದು ಕಂಡುಬರುತ್ತಿದೆ. ಆದ್ದರಿಂದ ಸದರಿ ಯೋಜನೆಯ ಸ್ವರೂಪ, ಅದರಿಂದ ಮಗುವಿಗೆ ಎದುರಾಗುವ ಸ್ಥಿತಿ ಹಾಗೂ ಪೋಷಕರು ಮುಂಚಿತವಾಗಿ ಮಾಡಿಕೊಳ್ಳಬೇಕಾದ ಸಿದ್ಧತೆಗಳನ್ನು ಇಲ್ಲಿ ವಿವರಿಸಲಾಗಿದೆ.

ಯೋಜನೆಯ ಹಿನ್ನೆಲೆ

1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಪ್ರಾಯೋಗಿಕವಾಗಿ ಎರಡು ನವೋದಯ ವಿದ್ಯಾಲಯಗಳು ಆರಂಭವಾದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಇವು ತಮಿಳುನಾಡನ್ನು ಬಿಟ್ಟು ಉಳಿದ ರಾಜ್ಯಗಳ ಜಿಲ್ಲೆಗಳಿಗೆ ವಿಸ್ತರಿಸಲ್ಪಟ್ಟವು. ಕರ್ನಾಟಕದ ವಿದ್ಯಾಲಯಗಳು ನವೋದಯ ವಿದ್ಯಾಲಯ ಸಮಿತಿಯ ಹೈದರಾಬಾದ್ ಪ್ರಾದೇಶಿಕ ಕಚೇರಿಯ ವ್ಯಾಪ್ತಿಗೆ ಒಳಪಟ್ಟಿವೆ. ಗ್ರಾಮೀಣ ಪ್ರತಿಭೆಗಳಿಗೆ ಉಚಿತ ವಸತಿ ಶಿಕ್ಷಣ ನೀಡುವುದರೊಂದಿಗೆ, ಬೇರೆ ಬೇರೆ ಭಾಷೆಯ ಮಕ್ಕಳು ಒಂದೆಡೆ ಇದ್ದು ಕಲಿಯಬೇಕೆಂಬುದೂ ಯೋಜನೆಯ ಮೂಲ ಉದ್ದೇಶಗಳಲ್ಲಿ ಒಂದು. ಇದಕ್ಕಾಗಿ ಹಿಂದಿ ಭಾಷಿಕ ಹಾಗೂ ಹಿಂದಿಯೇತರ ಪ್ರದೇಶಗಳ ವಿದ್ಯಾಲಯಗಳನ್ನು ಜೋಡಿಯಾಗಿಸಿ, ಒಂಬತ್ತನೇ ತರಗತಿಯ ಶೇಕಡಾ 30ರಷ್ಟು ವಿದ್ಯಾರ್ಥಿಗಳನ್ನು ಒಂದು ವರ್ಷದ ಅವಧಿಗೆ ಪರಸ್ಪರ ಬದಲಾಯಿಸಲಾಗುತ್ತದೆ. ನಮ್ಮ ಮಕ್ಕಳು ಅಲ್ಲಿಗೆ ಹೋದಂತೆ ಅಲ್ಲಿಯ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಹತ್ತನೇ ತರಗತಿಗೆ ಎಲ್ಲರೂ ತಮ್ಮ ಮೂಲ ವಿದ್ಯಾಲಯಕ್ಕೆ ಮರಳುತ್ತಾರೆ.

ಇಲ್ಲಿ ‘ವಲಸೆ’ ಎಂಬ ಪದದ ಬಗ್ಗೆ ಒಂದು ಮಾತು ಹೇಳುವುದು ಅಗತ್ಯ. ನಮ್ಮ ಭಾಗದಲ್ಲಿ ವಲಸೆ ಎಂದರೆ ಗುಳೆ. ಮಳೆ ಕೈಕೊಟ್ಟ ವರ್ಷ ಮುಂಬೈ, ಪುಣೆಗೆ ದುಡಿಯಲು ಹೋಗುವುದು. ಓದುವ ಮಗುವಿಗೆ ಈ ಪದವನ್ನು ಬಳಸಿದ ಪತ್ರ ಬಂದಾಗ ಮನೆಯ ಹಿರಿಯರು ತಲ್ಲಣಿಸುವುದು ಸಹಜ. ಆದರೆ ಸದರಿ ಯೋಜನೆಯಲ್ಲಿ ಮಗು ಒಂದು ವಸತಿ ಶಾಲೆಯಿಂದ ಅದೇ ಬಗೆಯ ಮತ್ತೊಂದು ವಸತಿ ಶಾಲೆಗೆ ಶಿಕ್ಷಕರ ಜೊತೆಯಲ್ಲಿ ಹೋಗುತ್ತದೆ. ಪ್ರಯಾಣದ ವೆಚ್ಚವನ್ನು ಸಮಿತಿಯೇ ಭರಿಸುತ್ತದೆ. ಬಾಲಕಿಯರಿಗೆ ಪ್ರತ್ಯೇಕ ವಸತಿ ನಿಲಯವಿರುತ್ತದೆ.

ಅರ್ಜಿಯ ಹಂತದಲ್ಲಿಯೇ ತಿಳಿದಿರಬೇಕಾದದ್ದು

ವಲಸೆಗೆ ಸಿದ್ಧರಿರಬೇಕೆಂಬ ಷರತ್ತನ್ನು ಆರನೇ ತರಗತಿಯ ಪ್ರವೇಶದ ಮಾಹಿತಿ ಪುಸ್ತಿಕೆಯಲ್ಲಿಯೇ ಮುದ್ರಿಸಲಾಗಿರುತ್ತದೆ. ಆಯ್ಕೆಯಾದ ನಂತರ ನಿರಾಕರಿಸಿದಲ್ಲಿ ವಿದ್ಯಾಲಯದಲ್ಲಿ ಮುಂದುವರಿಯುವುದಕ್ಕೇ ಅಡ್ಡಿಯಾಗಬಹುದು. ಆದ್ದರಿಂದ ತೀರ್ಮಾನವನ್ನು ಅರ್ಜಿ ಸಲ್ಲಿಸುವಾಗಲೇ, ಮಗುವನ್ನೂ ಕೂರಿಸಿಕೊಂಡು ಮಾಡತಕ್ಕದ್ದು. ತಂದೆ ಸಹಿ ಮಾಡಿ, ತಾಯಿಗೆ ಮೂರು ವರ್ಷಗಳ ನಂತರ ವಿಷಯ ತಿಳಿಯುವಂತಾಗಬಾರದು.

ಅರ್ಜಿಗೆ ಶುಲ್ಕವಿಲ್ಲ. ಐದನೇ ತರಗತಿಯಲ್ಲಿ ಓದುತ್ತಿರುವ ಮಗು ಒಮ್ಮೆ ಮಾತ್ರ ಪರೀಕ್ಷೆ ಬರೆಯಲು ಅವಕಾಶವಿದೆ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. 80 ಪ್ರಶ್ನೆ, 100 ಅಂಕ, 2 ಗಂಟೆ. ಕನಿಷ್ಠ ಶೇಕಡಾ 75ರಷ್ಟು ಸ್ಥಾನಗಳು ಗ್ರಾಮೀಣ ವಿದ್ಯಾರ್ಥಿಗಳಿಗೆ, ಮೂರನೇ ಒಂದು ಭಾಗ ಬಾಲಕಿಯರಿಗೆ ಮೀಸಲು. ಗ್ರಾಮೀಣ ಮೀಸಲಾತಿಗೆ ಮೂರು, ನಾಲ್ಕು ಮತ್ತು ಐದನೇ ತರಗತಿಗಳನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಪೂರ್ಣಾವಧಿ ಓದಿರಬೇಕು. ತಂದೆತಾಯಿಯೊಂದಿಗೆ ಕೆಲವು ತಿಂಗಳು ಪುಣೆಯಲ್ಲಿದ್ದು ಅಲ್ಲಿಯ ಶಾಲೆಗೆ ಸೇರಿ ಮರಳಿದ ಮಕ್ಕಳಿಗೆ ಇಲ್ಲಿಯೇ ತೊಡಕಾಗುತ್ತದೆ. ಗುಳೆ ಹೋಗುವ ಕುಟುಂಬದವರು ಮಗುವನ್ನು ಅಜ್ಜಿಯ ಬಳಿಯಾದರೂ ಬಿಟ್ಟು ಊರಿನ ಶಾಲೆಯ ಹಾಜರಾತಿಯನ್ನು ಕಾಯ್ದುಕೊಳ್ಳುವುದು ಒಳಿತು.

ಮಗುವಿನ ವಾಸ ಮತ್ತು ಶಾಲೆ ಎರಡೂ ಒಂದೇ ಜಿಲ್ಲೆಯಲ್ಲಿರಬೇಕು. ಗಡಿಯಾಚೆಯ ಅಕ್ಕಲಕೋಟ ತಾಲ್ಲೂಕಿನ ಶಾಲೆಯಲ್ಲಿ ಓದುವ ನಮ್ಮ ಹೋಬಳಿಯ ಮಕ್ಕಳು ಕಲಬುರಗಿ ಜಿಲ್ಲೆಯ ಸ್ಥಾನಕ್ಕೆ ಅರ್ಹರಾಗುವುದಿಲ್ಲ. ಕರಜಗಿ ಹೆಸರಿನ ಊರು ಹಾವೇರಿ ಜಿಲ್ಲೆಯಲ್ಲಿಯೂ ಇರುವುದರಿಂದ ಎಲ್ಲ ದಾಖಲೆಗಳಲ್ಲಿ ತಾಲ್ಲೂಕು ಮತ್ತು ಜಿಲ್ಲೆಯ ಹೆಸರನ್ನು ತಪ್ಪದೆ ನಮೂದಿಸಬೇಕು. ಜಾತಿ ಹಾಗೂ ವಾಸಸ್ಥಳ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಇತರೆ ಹಿಂದುಳಿದ ವರ್ಗದವರು ರಾಜ್ಯದ ಪ್ರವರ್ಗದ ಪ್ರಮಾಣಪತ್ರವನ್ನಲ್ಲ, ಕೇಂದ್ರದ ನಮೂನೆಯಲ್ಲಿರುವ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು.

ಮೊದಲ ತಿಂಗಳುಗಳು

ಹೊಸ ವಿದ್ಯಾಲಯದಲ್ಲಿ ದಿನಚರಿ ಹೊಸದಾಗಿರುವುದಿಲ್ಲ. ಬೆಳಗಿನ ವ್ಯಾಯಾಮ, ಪ್ರಾರ್ಥನೆ, ತರಗತಿ, ಸಂಜೆಯ ಆಟ, ರಾತ್ರಿಯ ಮೇಲ್ವಿಚಾರಣೆಯ ಓದು, ಇವೆಲ್ಲ ಮೂರು ವರ್ಷಗಳಿಂದ ಅಭ್ಯಾಸವಾಗಿರುತ್ತವೆ. ಅರಾವಳಿ, ನೀಲಗಿರಿ, ಶಿವಾಲಿಕ, ಉದಯಗಿರಿ ಎಂಬ ನಾಲ್ಕು ಸದನಗಳ ಹೆಸರೂ ಎಲ್ಲೆಡೆ ಅವೇ. ಮಗು ಅವುಗಳಲ್ಲಿ ಒಂದಕ್ಕೆ ಸೇರುತ್ತದೆ. ಆ ಒಂದು ವರ್ಷ ಸದನದ ಶಿಕ್ಷಕರು ಹಾಗೂ ಹಿರಿಯ ವಿದ್ಯಾರ್ಥಿಗಳೇ ಮನೆಯವರು. ಇಲ್ಲಿ ಅಣ್ಣಾ, ಅಕ್ಕಾ ಎನ್ನುವವರನ್ನು ಅಲ್ಲಿ ಭೈಯಾ, ದೀದಿ ಎನ್ನಬೇಕು.

ಕಷ್ಟ ಬರುವುದು ಭಾಷೆಯಲ್ಲಿ. ಅದೂ ನಿರೀಕ್ಷಿಸಿದ ಕಡೆಯಿಂದಲ್ಲ. ಕರಜಗಿ ಸೀಮೆಯ ಮಗು ಸಂತೆಯಲ್ಲಿ, ಬಸ್ಸಿನಲ್ಲಿ ಉರ್ದು ಮತ್ತು ಮರಾಠಿ ಕೇಳಿಯೇ ಬೆಳೆದಿರುತ್ತದೆ. ಹಿಂದಿ ಅರ್ಥವಾಗದೆ ಇರುವುದಿಲ್ಲ. ಆದರೆ ನಮ್ಮ ಭಾಗದ ದಖನಿ ಮಾತಿನ ‘ನಕ್ಕೋ’, ‘ಹೌ’ ಎಂಬ ಪದಗಳು ಬಾಯಿಂದ ಬಿದ್ದೊಡನೆ ಅಲ್ಲಿಯ ಮಕ್ಕಳು ನಗುತ್ತಾರೆ. ಕನ್ನಡದಲ್ಲಿ ನಿರ್ಜೀವ ವಸ್ತುಗಳೆಲ್ಲವೂ ನಪುಂಸಕ ಲಿಂಗ. ಹಿಂದಿಯಲ್ಲಿ ನಪುಂಸಕ ಲಿಂಗವೇ ಇಲ್ಲ. ರೊಟ್ಟಿ ಸ್ತ್ರೀಲಿಂಗ, ಅಕ್ಕಿ ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಮನೆ ಪುಲ್ಲಿಂಗ. ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಈ ತಪ್ಪಿನಿಂದಾಗಿ ಚುರುಕಾದ ಮಗುವೂ ತರಗತಿಯಲ್ಲಿ ಎದ್ದು ನಿಂತು ಉತ್ತರಿಸಲು ಹಿಂಜರಿದು ಮೌನವಾಗಿಬಿಡುತ್ತದೆ. ಮನೆಯಲ್ಲಿ ಮರಾಠಿ ಬಲ್ಲ ಮಕ್ಕಳಿಗೆ ಲಿಂಗಭೇದದ ಅಭ್ಯಾಸವಿರುವುದರಿಂದ ಸ್ವಲ್ಪ ಅನುಕೂಲ.

ನವೋದಯ ವಿದ್ಯಾಲಯಗಳಲ್ಲಿ ಏಳು ಅಥವಾ ಎಂಟನೇ ತರಗತಿಯವರೆಗೆ ಮಾತೃಭಾಷೆ ಇಲ್ಲವೆ ಪ್ರಾದೇಶಿಕ ಭಾಷೆಯ ಮಾಧ್ಯಮವಿದ್ದು, ನಂತರ ಗಣಿತ ಮತ್ತು ವಿಜ್ಞಾನ ಇಂಗ್ಲಿಷಿನಲ್ಲಿ, ಸಮಾಜ ವಿಜ್ಞಾನ ಹಿಂದಿಯಲ್ಲಿ ಎಂಬುದು ಯೋಜನೆಯ ಕ್ರಮ. ಅಂದರೆ ಮಾಧ್ಯಮ ಬದಲಾಗುವ ಹೊತ್ತಿನಲ್ಲಿಯೇ ಊರೂ ಬದಲಾಗುತ್ತದೆ. ಮೊದಲ ಪರೀಕ್ಷೆಯಲ್ಲಿ ಅಂಕಗಳು ಕುಸಿದರೆ ಮಗು ಓದುತ್ತಿಲ್ಲವೆಂದು ಭಾವಿಸಿ ಗದರಿಸಬಾರದು. ಎಂಟನೇ ತರಗತಿಯ ರಜೆಯಲ್ಲಿ ದಿನಕ್ಕೊಂದು ಪುಟ ಹಿಂದಿ ಬರೆಸುವುದು ಯಾವ ಟ್ಯೂಷನ್ನಿಗಿಂತಲೂ ಉಪಯುಕ್ತ. ಹಿಂದಿ ಪ್ರದೇಶದ ಜೋಡಿ ವಿದ್ಯಾಲಯದಲ್ಲಿ ವಲಸೆ ಬರುವ ಮಕ್ಕಳ ಪ್ರಾದೇಶಿಕ ಭಾಷೆಯನ್ನೇ ಮೂರನೇ ಭಾಷೆಯಾಗಿ ಕಲಿಸುವ ಪದ್ಧತಿಯಿದೆ. ಅಲ್ಲಿ ಕನ್ನಡ ಶಿಕ್ಷಕರಿದ್ದಲ್ಲಿ ಮಗು ಹೋದ ದಿನವೇ ಅವರ ಪರಿಚಯ ಮಾಡಿಕೊಳ್ಳುವಂತೆ ತಿಳಿಸಿರಿ.

ಊಟದ ವಿಷಯ. ಅಲ್ಲಿ ಗೋಧಿ ರೊಟ್ಟಿ, ಬೇಳೆ, ಅನ್ನ. ಕೆಲವೆಡೆ ಸಾಸಿವೆ ಎಣ್ಣೆಯ ಅಡುಗೆ, ಅದರ ವಾಸನೆಗೆ ಹೊಂದಿಕೊಳ್ಳಲು ದಿನ ಹಿಡಿಯುತ್ತದೆ. ಜೋಳದ ರೊಟ್ಟಿ ಸಿಗುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಇವು ಕೆಡದೆ ಬಾಳುವುದರಿಂದ ಕಟ್ಟಿಕೊಡಬಹುದು. ಒಂದು ಮಗುವಿಗೆ ಸಾಲುವಷ್ಟಲ್ಲ, ಕೋಣೆಯ ಎಲ್ಲರಿಗೂ ಸಾಲುವಷ್ಟು ಕಟ್ಟಿರಿ. ಹಂಚಿ ತಿಂದ ಹಿಂಡಿಯಿಂದ ಆಗುವ ಸ್ನೇಹ ಬೇರಾವುದರಿಂದಲೂ ಅಷ್ಟು ಬೇಗ ಆಗುವುದಿಲ್ಲ.

ಚಳಿಯ ಬಗ್ಗೆ ನಮ್ಮವರು ಸಾಮಾನ್ಯವಾಗಿ ಅಲಕ್ಷ್ಯ ಮಾಡುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಬೆಳೆದ ಮಗುವಿಗೆ, ಡಿಸೆಂಬರ್-ಜನವರಿಯಲ್ಲಿ 5 ಡಿಗ್ರಿಯ ಆಸುಪಾಸಿಗೆ ಇಳಿಯುವ ಉತ್ತರದ ಬಯಲಿನ ಚಳಿ ಮತ್ತು ದಿನಗಟ್ಟಲೆ ಕವಿಯುವ ಮಂಜಿನ ಅನುಭವವಿರುವುದಿಲ್ಲ. ಎರಡು ಉಣ್ಣೆಯ ಸ್ವೆಟರ್, ಒಳಗೆ ತೊಡುವ ಬೆಚ್ಚನೆಯ ಉಡುಪು, ಕಾಲುಚೀಲ, ಕಿವಿ ಮುಚ್ಚುವ ಟೋಪಿ ಇವನ್ನು ಹೊರಡುವಾಗಲೇ ಕೊಟ್ಟು ಕಳುಹಿಸಬೇಕು. ಎಳ್ಳಮಾವಾಸ್ಯೆಯೂ ಇದೇ ಕಾಲಕ್ಕೆ ಬರುತ್ತದೆ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ ಭಜ್ಜಿ ಉಣ್ಣುವ ದಿನ ಮಗು ಮಂಜಿನಲ್ಲಿ ಒಂಟಿಯಾಗಿ ಕುಳಿತಿರುತ್ತದೆ. ಆ ದಿನ ಮಾತನಾಡಲು ಸಾಧ್ಯವಾಗುವಂತೆ ಸದನದ ಶಿಕ್ಷಕರಲ್ಲಿ ಮೊದಲೇ ವಿನಂತಿಸಿಕೊಂಡಿರುವುದು ಒಳ್ಳೆಯದು.

ಫೋನಿನಲ್ಲಿ ಮಗು ಅತ್ತಾಗ

ಮೊದಲ ಕೆಲವು ವಾರಗಳಲ್ಲಿ ಬಹುಪಾಲು ಮಕ್ಕಳು ಫೋನಿನಲ್ಲಿ ಅಳುತ್ತಾರೆ. ತಾಯಿಯೂ ಅತ್ತು, ತಂದೆ ‘ನಾಳೆಯೇ ಬಂದು ಕರಕೊಂಡು ಬರ್ತೀನಿ’ ಎಂದು ಹೇಳಿ, ಆಮೇಲೆ ಹೋಗದಿರುವುದು ಅತ್ಯಂತ ಹಾನಿಕರ. ಮಗು ಹೊಂದಿಕೊಳ್ಳುವುದನ್ನು ಬಿಟ್ಟು ದಾರಿ ನೋಡುತ್ತಾ ಕೂರುತ್ತದೆ. ಊರಿನ ಸಾಮಾನ್ಯ ಸುದ್ದಿ ಹೇಳಿರಿ: ಎಮ್ಮೆ ಈದಿತು, ತೊಗರಿ ಹೂವಾಯಿತು, ಭೀಮಾ ನದಿಗೆ ನೀರು ಬಂತು. ಮನೆಯ ಸಾಲ, ಜಗಳ, ಕಾಯಿಲೆಗಳನ್ನು ಅಷ್ಟು ದೂರದ ಮಗುವಿನ ತಲೆಗೆ ಹಾಕುವುದು ಬೇಡ.

ಆದರೆ ಎಲ್ಲ ಅಳುವೂ ಮನೆಯ ನೆನಪಿನದಲ್ಲ. ಮಗು ಊಟ ಬಿಟ್ಟಿದ್ದರೆ, ಯಾರೋ ಹೊಡೆಯುತ್ತಾರೆ ಅಥವಾ ಹೆದರಿಸುತ್ತಾರೆ ಎಂದರೆ, ಹೇಳಲು ನಾಚಿ ಅರ್ಧಕ್ಕೆ ನಿಲ್ಲಿಸಿದರೆ, ಆ ದಿನವೇ ಅಲ್ಲಿಯ ಪ್ರಾಚಾರ್ಯರಿಗೂ ಮೂಲ ವಿದ್ಯಾಲಯದ ಪ್ರಾಚಾರ್ಯರಿಗೂ ತಿಳಿಸಬೇಕು. ಲಿಖಿತವಾಗಿ ತಿಳಿಸಿದ್ದರ ಪ್ರತಿ ಇಟ್ಟುಕೊಳ್ಳಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ದೇಶದ ಯಾವುದೇ ಭಾಗದಿಂದ ಮಗುವೇ ನೇರವಾಗಿ ಕರೆ ಮಾಡಬಹುದು. ‘ಒಂದು ವರ್ಷ ಹೇಗೋ ಸಹಿಸಿಕೋ’ ಎನ್ನುವುದು ಇಂತಹ ಸಂದರ್ಭದಲ್ಲಿ ಸರಿಯಲ್ಲ.

ದಾಖಲೆಗಳು ಮತ್ತು ಮುಂದಿನ ಸೌಲಭ್ಯಗಳು

ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯ ನೋಂದಣಿಯು ಒಂಬತ್ತನೇ ತರಗತಿಯಲ್ಲಿಯೇ ಆಗುತ್ತದೆ. ಅಲ್ಲಿ ನಮೂದಾದ ಹೆಸರು, ತಂದೆತಾಯಿಯ ಹೆಸರು, ಜನ್ಮ ದಿನಾಂಕಗಳೇ ಹತ್ತನೇ ತರಗತಿಯ ಅಂಕಪಟ್ಟಿಗೆ ಬರುತ್ತವೆ. ಕನ್ನಡದ ಹೆಸರುಗಳ ಅಕ್ಷರ ತಪ್ಪುಗಳನ್ನು ಅಲ್ಲಿಯ ಸಿಬ್ಬಂದಿ ಗುರುತಿಸುವುದು ಕಷ್ಟ. ಆದ್ದರಿಂದ ಜನನ ಪ್ರಮಾಣಪತ್ರ ಮತ್ತು ಶಾಲಾ ದಾಖಲೆಗಳ ವ್ಯತ್ಯಾಸಗಳನ್ನು ಎಂಟನೇ ತರಗತಿ ಮುಗಿಯುವುದರೊಳಗೆ ಸರಿಪಡಿಸಿಕೊಳ್ಳಬೇಕು. ಮರಳುವಾಗ ಒಂಬತ್ತನೇ ತರಗತಿಯ ವ್ಯಾಸಂಗ ಪ್ರಮಾಣಪತ್ರವನ್ನು ಆ ವಿದ್ಯಾಲಯದಿಂದಲೇ ಪಡೆದು ಬರಬೇಕು. ನಂತರ ಅಂಚೆಯಲ್ಲಿ ತರಿಸುವುದು ಸುಲಭವಲ್ಲ.

ಒಂದು ವರ್ಷ ಹೊರರಾಜ್ಯದಲ್ಲಿ ಓದಿದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ಅರ್ಹತೆ ಹೋಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಒಂದರಿಂದ ಹನ್ನೆರಡನೇ ತರಗತಿಯವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕೆಂಬುದು ಸಾಮಾನ್ಯ ನಿಯಮ. ಎಂಟನೇ ತರಗತಿಯವರೆಗೆ ಇಲ್ಲಿಯೇ ಓದಿದ ಮಗುವಿಗೆ ವಲಸೆಯ ವರ್ಷದಿಂದ ಇದಕ್ಕೆ ಬಾಧಕವಿಲ್ಲ. ಆದರೆ ಕನ್ನಡ ಮಾಧ್ಯಮದ ಮೀಸಲಾತಿಗೆ ಹತ್ತನೇ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿರಬೇಕಾದ್ದರಿಂದ ನವೋದಯದ ವಿದ್ಯಾರ್ಥಿಗಳು, ವಲಸೆ ಹೋಗಲಿ ಬಿಡಲಿ, ಅದನ್ನು ಕೋರಲು ಬರುವುದಿಲ್ಲ. ಇದನ್ನೂ ಅರ್ಜಿಯ ಹಂತದಲ್ಲಿಯೇ ತೂಗಿ ನೋಡಬೇಕು.

ವಸತಿ, ಊಟ, ಸಮವಸ್ತ್ರ, ಪಠ್ಯಪುಸ್ತಕಗಳು ಅಲ್ಲಿಯೂ ಉಚಿತ. ಒಂಬತ್ತನೇ ತರಗತಿಯಿಂದ ತಿಂಗಳಿಗೆ 600 ರೂಪಾಯಿ ವಿದ್ಯಾಲಯ ವಿಕಾಸ ನಿಧಿ ಇರುತ್ತದೆ. ಬಾಲಕಿಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಬಡತನ ರೇಖೆಗಿಂತ ಕೆಳಗಿನವರಿಗೆ ವಿನಾಯಿತಿಯಿದೆ. ಸರ್ಕಾರಿ ನೌಕರರ ಮಕ್ಕಳಿಗೆ ದರ ಬೇರೆ.

ಹೊರದೇಶದ ವಿನಿಮಯ ಕಾರ್ಯಕ್ರಮಗಳು

ಇದೇ ವಯಸ್ಸಿನ ಮಕ್ಕಳು ಹೊರದೇಶದ ಕುಟುಂಬವೊಂದರಲ್ಲಿ ಉಳಿದು ಅಲ್ಲಿಯ ಶಾಲೆಯಲ್ಲಿ ಓದುವ ವಿನಿಮಯ ಕಾರ್ಯಕ್ರಮಗಳೂ ಇವೆ. ರೋಟರಿ ಸಂಸ್ಥೆ ಮತ್ತು 1947ರಿಂದ ವಿದ್ಯಾರ್ಥಿ ವಿನಿಮಯ ನಡೆಸುತ್ತಿರುವ ಎಎಫ್‌ಎಸ್ ಸಂಸ್ಥೆ ಇವುಗಳಲ್ಲಿ ಪ್ರಮುಖವಾದವು. ಇವು ಸರ್ಕಾರದ ಯೋಜನೆಗಳಲ್ಲ. ವೆಚ್ಚದ ವಿವರಗಳನ್ನು ಆಯಾ ಸಂಸ್ಥೆಯಿಂದಲೇ ಲಿಖಿತವಾಗಿ ಪಡೆಯಬೇಕು. 18 ವರ್ಷದೊಳಗಿನವರ ಪಾಸ್‌ಪೋರ್ಟ್ ಅರ್ಜಿಗೆ ತಂದೆತಾಯಿಯ ಒಪ್ಪಿಗೆಯ ಘೋಷಣೆ ಲಗತ್ತಿಸಬೇಕಾಗುತ್ತದೆ.

ನವೋದಯ ಪ್ರವೇಶ ಮತ್ತು ವಲಸೆ ಕುರಿತ ಹೆಚ್ಚಿನ ವಿವರಗಳಿಗೆ ಜಿಲ್ಲೆಯ ನವೋದಯ ವಿದ್ಯಾಲಯದ ಪ್ರಾಚಾರ್ಯರನ್ನು, ಐದನೇ ತರಗತಿಯ ವ್ಯಾಸಂಗ ದೃಢೀಕರಣಕ್ಕೆ ಸಂಬಂಧಿಸಿದ ಶಾಲೆಯ ಮುಖ್ಯೋಪಾಧ್ಯಾಯರನ್ನು ಅಥವಾ ಅಫಜಲಪುರದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಕೆಲಸದ ದಿನಗಳಲ್ಲಿ ಸಂಪರ್ಕಿಸಬಹುದಾಗಿದೆ.