ಅರವತ್ತು ವರ್ಷ ಉಳಿ ಹಿಡಿದ ಮಲ್ಲಿತಮ್ಮ

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನದ ಉತ್ತರದ ಗೋಡೆಯ ಹತ್ತಿರ ಹೋಗಿ. ಇನ್ನೂ ಹತ್ತಿರ, ಮೂಗು ಕಲ್ಲಿಗೆ ತಾಗುವಷ್ಟು ಹತ್ತಿರ. ದೇವರ ಮುಖವನ್ನು ಒಂದು ಗಳಿಗೆ ಬಿಟ್ಟು ಪಾದದ ಕೆಳಗಿನ ಪೀಠ ನೋಡಿ. ಹೊಯ್ಸಳರ ಕಾಲದ ಕನ್ನಡ ಅಕ್ಷರಗಳಲ್ಲಿ ಅಲ್ಲೊಂದು ಹೆಸರಿದೆ: ಮಲ್ಲಿತಮ್ಮ! ರಾಜನಲ್ಲ, ದಂಡನಾಯಕನಲ್ಲ, ಉಳಿ ಹಿಡಿದವನು. ತಾನು ಕಡೆದದ್ದು ತನ್ನದೇ ಎಂದು ಬರೆದಿಟ್ಟು ಹೋದವನು!

ಹಾಸನದ ಕಡೆಯಿಂದ ಚನ್ನರಾಯಪಟ್ಟಣಕ್ಕೆ ಬಂದು ತಿಪಟೂರು ರಸ್ತೆ ಹಿಡಿದರೆ ನುಗ್ಗೇಹಳ್ಳಿ. ಹೊಯ್ಸಳ ದೊರೆ ವೀರ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಮೂರು ಗರ್ಭಗುಡಿಗಳ ಈ ತ್ರಿಕೂಟ ಗುಡಿಯನ್ನು ಕಟ್ಟಿಸಿದ. ಕೆಲಸ ಹಂಚಿಕೊಂಡವರು ಇಬ್ಬರು ದೊಡ್ಡ ರೂವಾರಿಗಳು. ಪ್ರದಕ್ಷಿಣೆ ಹೊರಟರೆ ಮೊದಲು ಸಿಗುವ ದಕ್ಷಿಣದ ಗೋಡೆ ನಂದಿಯ ಬೈಚೋಜನದು, ಸುತ್ತಿ ಬಂದರೆ ಉತ್ತರದ್ದು ಮಲ್ಲಿತಮ್ಮನದು. ಒಂದೇ ಗುಡಿಗೆ ಎರಡು ಕೈ, ಎರಡೂ ಸಹಿ ಸಮೇತ! ಇಂಥದ್ದು ನಮ್ಮ ಜಿಲ್ಲೆಯಲ್ಲೇ ಇದೆಯಲ್ಲ ಎಂದು ಮೈ ಜುಮ್ಮೆನ್ನುತ್ತದೆ.

ಕಲ್ಲನ್ನಾದರೂ ನೋಡಿ. ಗಣಿಯಿಂದ ಎತ್ತಿದಾಗ ಬಳಪದ ಕಲ್ಲು ಬೆಲ್ಲದಚ್ಚಿನಷ್ಟು ಮೆತ್ತಗೆ, ಗಾಳಿ ಬಿಸಿಲು ತಾಗಿದಂತೆ ಗಟ್ಟಿ. ಅದಕ್ಕೇ ಕೊರಳ ಹಾರದ ಮಣಿಗಳು ಎದೆಯಿಂದ ಬಿಡಿಸಿಕೊಂಡು ನಿಂತಿವೆ, ಅವುಗಳ ಹಿಂದೆ ಸಣ್ಣ ನೆರಳು ಹರಿಯುತ್ತದೆ. ತಲೆಯ ಮೇಲಿನ ಬಳ್ಳಿಯ ಕಮಾನಿನಲ್ಲಿ ಎಲೆ ಎಲೆಗೂ ಉಳಿ ತಿರುಗಿದೆ. ಕೆಳಗೆ ಜಗತಿಯ ಮೇಲೆ ಆನೆ, ಕುದುರೆ, ಬಳ್ಳಿ, ಪುರಾಣ, ಮಕರ, ಹಂಸ, ಸಾಲು ಸಾಲು ಸಾಲು!

ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಇದಲ್ಲ. ಈ ಹೆಸರು ನುಗ್ಗೇಹಳ್ಳಿಗೇ ನಿಲ್ಲುವುದಿಲ್ಲ! ತರೀಕೆರೆ ಬಳಿಯ ಅಮೃತಾಪುರದ ಅಮೃತೇಶ್ವರ ಗುಡಿ 1196ರದು. ಮಲ್ಲಿತಮ್ಮನ ಕಸುಬು ಶುರುವಾದದ್ದು ಅಲ್ಲಿ, ಮಂಟಪದ ಭುವನೇಶ್ವರಿಗಳ, ಅಂದರೆ ಒಳಛಾವಣಿಗಳ, ಕೆತ್ತನೆಯಲ್ಲಿ ಎನ್ನುತ್ತಾರೆ ಇತಿಹಾಸಕಾರರು. ಆಮೇಲೆ ಹಾರನಹಳ್ಳಿ, ನುಗ್ಗೇಹಳ್ಳಿ, ಜಾವಗಲ್. ಕೊನೆಗೆ ಸೋಮನಾಥಪುರ, 1258ರಲ್ಲಿ ಪ್ರತಿಷ್ಠೆಯಾದ ಕೇಶವ ದೇವಾಲಯ. ಅಲ್ಲಿ ಸುಮಾರು 40 ವಿಗ್ರಹಗಳ ಕೆಳಗೆ ಅದೇ ಸಹಿ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ಬರೀ ‘ಮಲ್ಲಿ’, ಇನ್ನು ಕೆಲವು ಕಡೆ ‘ಮ’ ಎಂಬ ಒಂದಕ್ಷರ! ಪಕ್ಕದಲ್ಲೇ ಮಸಣಿತಮ್ಮ, ಚಾಮೆಯ, ರಾಮೆಯ ಎಂಬ ಜೊತೆಗಾರರ ಹೆಸರು.

ಲೆಕ್ಕ ಹಾಕಿ. ಅಮೃತಾಪುರದಲ್ಲಿ ಅವನು ಇಪ್ಪತ್ತರ ಹುಡುಗ ಎಂದುಕೊಂಡರೂ ನುಗ್ಗೇಹಳ್ಳಿಗೆ ಬರುವ ಹೊತ್ತಿಗೆ ಎಪ್ಪತ್ತು, ಸೋಮನಾಥಪುರದಲ್ಲಿ ಎಂಬತ್ತು ದಾಟಿತ್ತು! ಅರವತ್ತು ವರ್ಷಕ್ಕೂ ಮಿಕ್ಕಿದ ಕೆಲಸ. ಹೊಯ್ಸಳ ದೊರೆ ವೀರ ಬಲ್ಲಾಳನ ಕಾಲದಲ್ಲಿ ಹಿಡಿದ ಉಳಿಯನ್ನು ಆ ದೊರೆಯ ಮೊಮ್ಮಗ, ಮರಿಮಗನ ಕಾಲದವರೆಗೂ ಇಳಿಸಲಿಲ್ಲ. ನಮ್ಮ ಮಲ್ಲಿತಮ್ಮನ ಬದುಕು ಓದಬೇಕಾದರೆ ಗುಡಿಯಿಂದ ಗುಡಿಗೆ ಹೋಗಬೇಕು, ಬಗ್ಗಿ ನೋಡಬೇಕು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿ ಸೇರಿದವು, ಸಂತೋಷ. ನುಗ್ಗೇಹಳ್ಳಿಗೂ ಜನ ಬರಬೇಕು ಎಂಬುದು ನನ್ನ ಆಸೆ. ಬಂದವರು ಬೈಚೋಜನ ಗೋಡೆಯನ್ನೂ ಮಲ್ಲಿತಮ್ಮನ ಗೋಡೆಯನ್ನೂ ಒಂದರ ಹಿಂದೊಂದು ನೋಡಲಿ, ಯಾರ ಕೈ ಹೇಗೆ ಎಂದು ತಾವೇ ತೂಗಲಿ. ಊರಲ್ಲೇ ಇರುವ ಸದಾಶಿವ ಗುಡಿಯನ್ನೂ ಮರೆಯಬೇಡಿ. ಬೆಳಿಗ್ಗೆ ಬೇಗ ಹೊರಟರೆ ಹಾರನಹಳ್ಳಿ, ಜಾವಗಲ್ ಎರಡನ್ನೂ ಅದೇ ದಿನ ನೋಡಿ ಬರಬಹುದು.